ಬಳೇಪೇಟೆಯ ಕಾಲ್ಮಣೆ, ಅದರ ಮೇಲಿನ ನೀರಿನ ಕಲೆ

ಹಳೆಯ ಮರದ ಸಾಮಾನು ರಿಪೇರಿ ಮಾಡುವುದನ್ನು ಕಲಿಯಬೇಕೆಂದು ಈಚೆಗೆ ಕೆಲವು ಹುಡುಗಿಯರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಫೋನಿನಲ್ಲಿ ಚಿತ್ರ ತೋರಿಸಿ, "ಈ ಥರ ಫಿನಿಶ್ ಹೇಗೆ ಬರುತ್ತೆ ಆಂಟಿ?" ಎಂದು ಕೇಳುತ್ತಾರೆ. ಫಿನಿಶ್ ಹೇಳಿಕೊಡುವುದು ಕಷ್ಟವಲ್ಲ. ಅರಗಿನ ಪಾಲಿಶ್ಶು, ಹಳೇ ಪಂಚೆಯ ಚೂರು, ಸ್ವಲ್ಪ ತಾಳ್ಮೆ ಇದ್ದರೆ ಯಾರಿಗಾದರೂ ಬರುತ್ತದೆ. ಎಲ್ಲಿ ಕೈ ಹಾಕಬಾರದು ಎನ್ನುವುದನ್ನು ಹೇಳಲು ಹೋದರೆ ಮಾತ್ರ ಅವರು ಗಡಿಯಾರ ನೋಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬಿಡುವಿದ್ದಾಗ ಓದಿಕೊಳ್ಳಲಿ.

ನನ್ನ ಅಪ್ಪ ಚಾಮರಾಜಪೇಟೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದರು. ದಬ್ಬಣ ಹಿಡಿಯುವುದು ನನಗೆ ಮನೆಯಲ್ಲೇ ಬಂದ ವಿದ್ಯೆ. ಅದೇ ಪೇಟೆಯಲ್ಲಿ ಶ್ರೀಕಂಠಯ್ಯನವರು ಹಳೆ ಮೇಜು ಕುರ್ಚಿಗಳ ಅಂಗಡಿ ಇಟ್ಟಿದ್ದರು. ಕುರ್ಚಿಗಳಿಗೆ ಮೆತ್ತೆ ಹೊಲಿಯಲು ಜನ ಬೇಕು ಎಂದು ಅವರು ಅಪ್ಪನನ್ನು ಕೇಳಿದಾಗ ಅಪ್ಪ ನನ್ನನ್ನು ಕಳಿಸಿದರು. ಹೋದವಳು ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಮೆತ್ತೆಯಿಂದ ಶುರುಮಾಡಿ ಬೆತ್ತ, ಪಾಲಿಶ್ಶು, ಕೊನೆಗೆ ಗಿರಾಕಿಗಳ ಜೊತೆ ಜಗಳ, ಎಲ್ಲವೂ ನನ್ನ ಪಾಲಿಗೆ ಬಂತು.

ಶ್ರೀಕಂಠಯ್ಯನವರು ಒಳ್ಳೆಯವರು, ಮೂಗಿನ ತುದಿಯಲ್ಲೇ ಕೋಪ. ಹೊಸದಾಗಿ ಬಂದ ಯಾವ ಸಾಮಾನನ್ನೂ ಅವರು ಮೇಲಿನಿಂದ ನೋಡುತ್ತಿರಲಿಲ್ಲ. ಮಗುಚಿ ಹಾಕಿ ಹೊಟ್ಟೆ ನೋಡುತ್ತಿದ್ದರು. ಮೇಲ್ಭಾಗ ಯಾರು ಬೇಕಾದರೂ ಉಜ್ಜಿ ಹೊಳೆಸಬಹುದು, ಅಡಿಭಾಗಕ್ಕೆ ಯಾರೂ ಅಷ್ಟು ಶ್ರಮಪಡುವುದಿಲ್ಲ ಎನ್ನುವುದು ಅವರ ನಂಬಿಕೆ. ಮಣೆಗಳ ವಿಷಯದಲ್ಲಂತೂ ಅದು ಅಕ್ಷರಶಃ ನಿಜ. ಎಣ್ಣೆಸ್ನಾನದ ಮಣೆಯ ಅಡಿಯವರೆಗೂ ಎಣ್ಣೆ ಇಳಿದಿರುತ್ತದೆ, ಎಷ್ಟು ಪಾಲಿಶ್ ಹಚ್ಚಿದರೂ ಒಣಗುವುದಿಲ್ಲ. ಅಡುಗೆಮನೆಯಲ್ಲಿದ್ದ ಮಣೆಯ ಕಾಲುಗಳು ಒದ್ದೆ ನೆಲಕ್ಕೆ ನೆನೆದು ತುದಿಯಲ್ಲಿ ಕಪ್ಪಾಗಿರುತ್ತವೆ. ಕಂಟೋನ್ಮೆಂಟಿನ ಬಂಗಲೆಗಳಿಂದ ಬರುತ್ತಿದ್ದ ಮೆತ್ತೆಯ ಕಾಲ್ಮಣೆಗಳನ್ನು ಬಿಚ್ಚಿದರೆ ಒಳಗೆ ಕುದುರೆ ಕೂದಲು. ಮೊದಲ ಸಲ ಬಿಚ್ಚಿದ ದಿನ ಆ ವಾಸನೆಗೆ ನನಗೆ ಊಟ ಸೇರಲಿಲ್ಲ. ಯಜಮಾನರಾದ ಶ್ರೀಕಂಠಯ್ಯನವರು ಮಾತ್ರ ಆ ಕೂದಲನ್ನು ತೊಳೆಸಿ, ಬಿಸಿಲಿಗೆ ಒಣಗಿಸಿ, ಅದನ್ನೇ ತುಂಬಿಸಿದರು. "ಇನ್ನೂ ಜೀವ ಇರೋದನ್ನ ಯಾಕೆ ಬಿಸಾಕ್ಬೇಕು?" ಎಂದರು. ಆಮೇಲೆ ತೆಂಗಿನ ನಾರು ಬಂತು, ಅದರ ನಂತರ ಫೋಮು ಬಂತು. ಫೋಮಿಗೆ ಮೊದಮೊದಲು ಗಿರಾಕಿಗಳು ಮರುಳಾದರು. ಕೆಲವೇ ವರ್ಷಕ್ಕೆ ಅದು ಪುಡಿಪುಡಿಯಾಗಿ ಸೋಫಾದ ಕೆಳಗೆ ಉದುರಿದಾಗ ನಮ್ಮನ್ನೇ ಬೈದರು.

ನಾನು ಸೇರಿದ ಕಾಲದಲ್ಲಿ ಕಾಲ್ಮಣೆಯನ್ನು ಕೇಳಿಕೊಂಡು ಬರುವವರೇ ಇರಲಿಲ್ಲ. ಕುರ್ಚಿಯ ಜೊತೆ ಬಂದರೆ ಬಂತು, ಇಲ್ಲದಿದ್ದರೆ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಆಮೇಲೆ ಗಾಳಿ ತಿರುಗಿತು. ಫ್ಲಾಟುಗಳು ಬಂದವು, ಫ್ಲಾಟುಗಳಿಗೆ ಇಂಟೀರಿಯರ್ ಡಿಸೈನರುಗಳು ಬಂದರು. ದೊಡ್ಡ ಮಂಚ, ಬೀರು ಅವರ ಲಿಫ್ಟಿಗೆ ಹಿಡಿಸುವುದಿಲ್ಲ, ಕಾಲ್ಮಣೆ ಹಿಡಿಸುತ್ತದೆ. ಅಟ್ಟದ ಮಣೆ ರಾತ್ರಿ ಕಳೆದು ಬೆಳಗಾಗುವುದರೊಳಗೆ ವಿಂಟೇಜ್ ಆಯಿತು, ಆಂಟಿಕ್ ಆಯಿತು, ಒಬ್ಬರ ಬಾಯಲ್ಲಿ ಆಟಮನ್ ಆಯಿತು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ, ಹೆಸರು ಬೇರೆ, ಮಣೆ ಅದೇ. ಬಸವನಗುಡಿಯ ಒಬ್ಬಾಕೆ ತಮ್ಮ ಮನೆಯ ಎಣ್ಣೆಸ್ನಾನದ ಮಣೆಯನ್ನು ನಮಗೆ ಮಾರಿದ್ದರು. ಅದರ ಫೋಟೋವನ್ನು ಯಾರದೋ ಡ್ರಾಯಿಂಗ್ ರೂಮಿನಲ್ಲಿ ಗಿಡದ ಕುಂಡದ ಪಕ್ಕ ನೋಡಿ ಅಂಗಡಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಡಿಸೈನರ್ ಹೊಸ ಮರದಲ್ಲಿ ಮಣೆ ಮಾಡಿಸಿ, ಸೈಕಲ್ ಚೈನಿನಿಂದ ಹೊಡೆದು, ಕಾಫಿ ಡಿಕಾಕ್ಷನ್ ಬಳಿದು ಹಳೆಯದು ಮಾಡಿಕೊಡಿ ಎಂದ. ಯಜಮಾನರು ಅವನಿಗೆ ಕಾಫಿ ತರಿಸಿ ಕುಡಿಸಿ ಕಳಿಸಿದರು, ಮಣೆಗೆ ಮಾತ್ರ ಹಚ್ಚಲಿಲ್ಲ.

ಅಂಗಡಿಗೆ ಒಂದು ನಿಯಮವಿತ್ತು. ದೇವರು ಕೂತ ಮಣೆಯನ್ನು ಕಾಲಿಡುವುದಕ್ಕೆ ಮಾರುವಂತಿಲ್ಲ. ಪೂಜೆಮನೆಯ ಮಣೆ, ಮದುವೆಯ ಹಸೆಮಣೆ ಇಂಥವು ಬಂದರೆ ಬೇರೆ ಇಡುತ್ತಿದ್ದೆವು. ಪೂಜೆಗೇ ಬೇಕು ಎನ್ನುವವರು ಬಂದರೆ ಕೊಡುವುದು, ಇಲ್ಲವಾದರೆ ಹಾಗೇ ಇರಲಿ. ಅದಕ್ಕಾಗಿ ಯಜಮಾನರು ಪ್ರತಿಯೊಬ್ಬ ಮಾರಾಟಗಾರನನ್ನೂ ತಪ್ಪದೆ ಕೇಳುವ ಪ್ರಶ್ನೆ ಒಂದಿತ್ತು: "ಇದರ ಮೇಲೆ ದೇವರನ್ನ ಇಟ್ಟಿದ್ರಾ?"

ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಬಳೇಪೇಟೆಯಿಂದ ಒಬ್ಬ ಯುವಕ ಕೈಗಾಡಿಯಲ್ಲಿ ಮನೆ ಖಾಲಿ ಮಾಡಿದ ಸಾಮಾನು ತಂದ. ಹೆಸರು ಮಹೇಶ. ಅವರದು ತಲೆಮಾರುಗಳಿಂದ ಬಳೆ ವ್ಯಾಪಾರ ಮಾಡಿಕೊಂಡು ಬಂದ ಶಿವಭಕ್ತರ ಕುಟುಂಬ. ಅಂಗಡಿಯ ಮೇಲಿನ ಹಳೇ ಮನೆ ಬಿಟ್ಟು ಮತ್ತಿಕೆರೆಯಲ್ಲಿ ಫ್ಲಾಟು ಕೊಂಡಿದ್ದರು. ಅವನ ತಾಯಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಯಲ್ಲಿದ್ದರು. ತಾಯಿ ಬರುವುದರೊಳಗೆ ಎಲ್ಲಾ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳೋಣ ಎಂದು ಹುಡುಗ ಹೊರಟಿದ್ದ.

ಆ ಸಾಮಾನಿನಲ್ಲಿ ಒಂದು ಬೀಟೆಯ ಮಣೆ ಇತ್ತು. ಅಗಲವಾದ ಹಲಗೆ, ಅಂಚಿಗೆ ತಾವರೆ ಎಸಳಿನ ಕೆತ್ತನೆ. ಮೂರು ಕಾಲು ಬೀಟೆಯವು. ನಾಲ್ಕನೆಯದು ಯಾವಾಗಲೋ ಮುರಿದು ಹಲಸಿನ ಮರದ್ದು ಕೂಡಿಸಿದ್ದರು. ಹಲಗೆಯ ನಡುವೆ ದುಂಡಗೆ ನೀರಿನ ಕಲೆ. ಕೆತ್ತನೆಯ ಸಂದಿನಲ್ಲಿ ಬೆಳ್ಳಗೆ ಏನೋ ಮೆತ್ತಿತ್ತು. ಯಜಮಾನರು ಉಗುರಿನಿಂದ ಕೆರೆದು ನೋಡಿ ವಿಭೂತಿ ಎಂದರು. ಅವರ ಪ್ರಶ್ನೆ ಬಂತು. ದೇವರನ್ನು ಇಟ್ಟಿದ್ದರಾ?

"ಇಲ್ಲ ಸಾರ್, ಇದು ಕಾಲಿಡೋ ಮಣೆ. ದೇವರ ಮಣೆ ಬೇರೆ ಇದೆ, ಅದನ್ನ ಆಗಲೇ ಹೊಸಮನೆಗೆ ತಗೊಂಡೋದ್ವಿ," ಎಂದ ಮಹೇಶ.

ಹುಡುಗ ಸುಳ್ಳು ಹೇಳಲಿಲ್ಲ. ಯಜಮಾನರೂ ಕೇಳಬೇಕಾದ್ದನ್ನು ಕೇಳಿಯೇ ಕೊಂಡರು. ಮಣೆ ನನ್ನ ಕೈಗೆ ಬಂತು.

ನೀರಿನ ಕಲೆ ಎಂದರೆ ನಮ್ಮ ಕಸುಬಿನಲ್ಲಿ ಹಗೆ. ಮರದ ಮೇಲೆ ನೀರು ನಿಲ್ಲಬಾರದು, ಚೆಲ್ಲಿದರೆ ಆ ಕ್ಷಣ ಒರೆಸಬೇಕು ಎನ್ನುವುದು ನಾನು ಕಲಿತ ಮೊದಲ ಪಾಠ. ಆ ಕಲೆ ತುಂಬ ಆಳಕ್ಕೆ ಇಳಿದಿತ್ತು. ದಿನಗಟ್ಟಲೆ ಉಪ್ಪುಕಾಗದ ಹಾಕಿ ಉಜ್ಜಿದೆ. ಹಲ್ಲುಜ್ಜುವ ಬ್ರಷ್ಷಿನಲ್ಲಿ ಎಸಳುಗಳ ಸಂದು ಸಂದನ್ನೂ ತೊಳೆದೆ. ಅರಗು ಹಚ್ಚಿ ಎತ್ತಿ ನೋಡಿದಾಗ ನನ್ನ ಮುಖ ಕಾಣುತ್ತಿತ್ತು. ಹೆಮ್ಮೆಯಿಂದ ಅಂಗಡಿಯ ಬಾಗಿಲಲ್ಲೇ ಇಟ್ಟೆ. ಅದನ್ನು ಕೊಂಡವರು ಮಲ್ಲೇಶ್ವರದ ಸುಮಾ. ಶೇಷಾದ್ರಿಪುರಂನ ಒಂದು ಕಾಲೇಜಿನಲ್ಲಿ ಪಾಠ ಹೇಳುವವರು, ಮನೆ ಅಲಂಕಾರದ ಹುಚ್ಚಿನವರು, ನಮ್ಮ ಹಳೇ ಗಿರಾಕಿ. ಹಾಲಿನ ಕಿಟಕಿಯ ಕೆಳಗೆ, ಹೂವು ತೇಲಿಬಿಟ್ಟ ಹಿತ್ತಾಳೆ ಉರುಳಿಯ ಪಕ್ಕದಲ್ಲಿ ಇಟ್ಟು ನನಗೆ ಫೋಟೋ ಕಳಿಸಿದರು. ನಾನು ಅದನ್ನು ನಾಲ್ಕು ಜನಕ್ಕೆ ತೋರಿಸಿದೆ.

ಮಳೆಗಾಲ ಕಳೆದು ಮಹೇಶ ಮತ್ತೆ ಬಂದ. ಈ ಸಲ ಮುಖ ಸಣ್ಣದಾಗಿತ್ತು, ಜೊತೆಯಲ್ಲಿ ತಾಯಿ ಶಿವಲಿಂಗಮ್ಮ ಇದ್ದರು. ಹಣೆಯ ತುಂಬ ವಿಭೂತಿ, ಕಣ್ಣಿಗೆ ಕಪ್ಪು ಕನ್ನಡಕ. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಅವರು ಹೇಳಿದ್ದರ ಸಾರ ಇಷ್ಟು. ಅವರ ಮನೆಗೆ ಮಠದ ಗುರುಗಳು ಬಂದಾಗಲೆಲ್ಲ ಪಾದಪೂಜೆ ನಡೆಯುತ್ತದೆ. ಆ ಮಣೆಯ ಮೇಲೆ ಹರಿವಾಣ ಇಟ್ಟು, ಅದರಲ್ಲಿ ಗುರುಗಳ ಪಾದ ಇರಿಸಿ, ತೊಳೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆ ನೀರನ್ನು ಮನೆಮಂದಿಯೆಲ್ಲ ತೀರ್ಥವಾಗಿ ತೆಗೆದುಕೊಳ್ಳುವುದು ಪದ್ಧತಿ. ಅವರ ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಅದೇ ಮಣೆಯಲ್ಲಿ ಮಾಡಿದ್ದರು. ಮನೆಯವರು ಯಾರೂ ಅದರ ಮೇಲೆ ಅಪ್ಪಿತಪ್ಪಿಯೂ ಕಾಲಿಟ್ಟವರಲ್ಲ. ದೇವರನ್ನು ಇಡದ ಮಣೆ ತಾನೇ, ಹಳೆಯದನ್ನು ಕೊಟ್ಟು ಹೊಸದು ತಂದರಾಯಿತು ಎಂದುಕೊಂಡಿದ್ದ ಮಗ. ಹೊಸ ಫ್ಲಾಟಿನ ಗೃಹಪ್ರವೇಶಕ್ಕೆ ಗುರುಗಳು ಬರುವುದು ಗೊತ್ತಾಗಿತ್ತು. ಮಣೆ ಸಿಗುವವರೆಗೂ ತಾನು ಆ ಫ್ಲಾಟಿಗೆ ಕಾಲಿಡುವುದಿಲ್ಲ ಎಂದು ಆಕೆ ಮಗಳ ಮನೆಯಲ್ಲೇ ಕೂತಿದ್ದರು. ಮಗ ಅತ್ತ ಗುರುಗಳಿಗೂ ಇತ್ತ ತಾಯಿಗೂ ಉತ್ತರ ಹೇಳಲಾರದೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದ.

ಅದೇ ಅಳತೆಗೆ ಅದೇ ಬೀಟೆಯಲ್ಲಿ ಹೊಸದೊಂದು ಮಾಡಿಕೊಡುತ್ತೇವೆ ಎಂದು ಯಜಮಾನರು ಹೇಳಿ ನೋಡಿದರು.

"ಹೊಸದು ಊರ ತುಂಬ ಸಿಗ್ತದೆ ಸ್ವಾಮಿ," ಎಂದರು ಶಿವಲಿಂಗಮ್ಮ. "ನಮ್ಮತ್ತೆ ತೊಳೆದ ಮಣೆ ಎಲ್ಲಿ ಸಿಗ್ತದೆ? ಗುರುಗಳ ಪಾದಾನ ಏನು ಟೈಲ್ಸ್ ಮೇಲೆ ಇಡಿಸ್ಲಾ?"

ಅವರು ಹೋದ ಮೇಲೆ ಯಜಮಾನರು ಲೆಕ್ಕದ ಪುಸ್ತಕ ತೆಗೆದು ಆ ಮಣೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತರು. ಮಧ್ಯಾಹ್ನದ ಕಾಫಿಯೂ ಬೇಡವೆಂದರು. ಆಮೇಲೆ, "ದೇವರು ಅಂತ ಕೇಳ್ದೆ ಸರೋಜ. ಗುರು ಅಂತ ಕೇಳೋದು ಹೊಳೀಲೇ ಇಲ್ಲ. ನಮ್ಮನೆ ಲೆಕ್ಕದಲ್ಲಿ ಎಲ್ಲರ ಮನೇನೂ ಅಳೆದ್ಬಿಟ್ಟೆ," ಎಂದರು. ಅವರ ಜೀವನದಲ್ಲಿ ಅವರು ತಪ್ಪೊಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಅವರ ಮೇಲೆ ಮರುಕ ಹುಟ್ಟಿತು.

ಸುಮಾಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಸ್ವಲ್ಪ ತಡೆದು, "ಈಗ ಅದನ್ನ ಕೊಡೋದು ಕಷ್ಟ ಸರೋಜಮ್ಮ. ನೀವೇ ಒಂದ್ಸಲ ಬನ್ನಿ, ನೋಡೋಣ," ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಮಾತು. ಅಲಂಕಾರದ ಹುಚ್ಚು ಇಷ್ಟು ಗಟ್ಟಿಯೇ ಎಂದು ನನಗೆ ಸಿಟ್ಟೂ ಬಂತು. ಯಜಮಾನರಿಗೆ ಮಂಡಿನೋವು, ಬರುವ ಹಾಗಿರಲಿಲ್ಲ. ಶಿವಲಿಂಗಮ್ಮನವರನ್ನು ಆಟೋದಲ್ಲಿ ನಾನೇ ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಅವರು ಏನು ಹೇಳಬೇಕೆಂದು ಹೊಂದಿಸಿಕೊಳ್ಳುತ್ತಿದ್ದರು. ಕೊಡದಿದ್ದರೆ ಬಾಗಿಲಲ್ಲೇ ಕೂತುಬಿಡುತ್ತೇನೆ ಎನ್ನುವವರೆಗೂ ಹೋಯಿತು.

ಬಾಗಿಲು ತೆರೆದೇ ಇತ್ತು. ಕಿಟಕಿಯ ಕೆಳಗೆ ಉರುಳಿ ಮಾತ್ರ ಇತ್ತು, ಮಣೆ ಇರಲಿಲ್ಲ. ಅದು ಹಾಲಿನ ನಡುವೆ ಬೆತ್ತದ ಕುರ್ಚಿಯ ಮುಂದೆ ಇತ್ತು. ಕುರ್ಚಿಯಲ್ಲಿ ಸುಮಾ ಅವರ ಮಾವ ವಾಸುದೇವಮೂರ್ತಿಗಳು ಕೂತಿದ್ದರು. ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲಿಗೆ ಹುಣ್ಣಾಗಿ, ಬೆರಳೊಂದನ್ನು ತೆಗೆದಿದ್ದರಂತೆ. ಅದು ನನಗೆ ತಿಳಿದಿರಲಿಲ್ಲ. ಮಣೆಯ ಮೇಲೆ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಅವರ ಕಾಲು. ಸುಮಾ ನೆಲದ ಮೇಲೆ ಕೂತು ಬಾಟಲಿಯಿಂದ ನೀರು ಹನಿಸುತ್ತ, ಬಟ್ಟೆ ಒತ್ತಿ ಒತ್ತಿ ಗಾಯ ಶುಚಿ ಮಾಡುತ್ತಿದ್ದರು. ದಿನಕ್ಕೆ ಎರಡು ಹೊತ್ತು ಹೀಗೆ ಮಾಡಬೇಕಿತ್ತು. ಎಷ್ಟೋ ಸ್ಟೂಲು ಇಟ್ಟು ನೋಡಿದರಂತೆ, ಒಂದು ಎತ್ತರ, ಒಂದು ಅಲುಗಾಟ. ಈ ಮಣೆ ಮಾತ್ರ ಅವರ ಕಾಲಿಗೆ ಹೇಳಿ ಮಾಡಿಸಿದಂತೆ ಕೂತಿತ್ತು. ಕೊಡುವುದು ಕಷ್ಟ ಎಂದು ಅವರು ಫೋನಿನಲ್ಲಿ ಹೇಳಿದ್ದು ಇದಕ್ಕೆ. ಒಳಗೇ ಬೈದುಕೊಂಡಿದ್ದ ನಾನು ನಾಲಗೆ ಕಚ್ಚಿಕೊಂಡೆ.

ಮೂರ್ತಿಗಳು ನಮ್ಮನ್ನು ನೋಡಿ ಮುಖ ಆ ಕಡೆ ತಿರುಗಿಸಿದರು. "ಸೊಸೆ ಕೈಲಿ ಕಾಲು ತೊಳೆಸ್ಕೊಳ್ಳೋ ಗತಿ ಬಂತು ನೋಡಿ," ಎಂದರು. ಪಾಪ, ಆ ಮನುಷ್ಯನಿಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು.

ಶಿವಲಿಂಗಮ್ಮ ಮೊದಲು ನೋಡಿದ್ದು ಹಲಸಿನ ಕಾಲನ್ನು. ಗುರುತು ಸಿಕ್ಕಿದ್ದು ಅವರ ಮುಖದಲ್ಲೇ ಗೊತ್ತಾಯಿತು. ನಾನು ಜಗಳಕ್ಕೆ ಸಿದ್ಧಳಾದೆ. ಅವರು ಕೈಚೀಲ ಪಕ್ಕಕ್ಕಿಟ್ಟು ಸುಮಾ ಅವರ ಎದುರಿಗೆ ನೆಲದ ಮೇಲೆ ಕೂತು, ಜಾರುತ್ತಿದ್ದ ತಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಪಾದಪೂಜೆಯಲ್ಲಿ ಒಬ್ಬರು ನೀರು ಹಾಕುವಾಗ ಇನ್ನೊಬ್ಬರು ಹರಿವಾಣವನ್ನು ಹಾಗೆಯೇ ಹಿಡಿಯುತ್ತಾರೆಂದು ಆಮೇಲೆ ನೋಡಿ ತಿಳಿದುಕೊಂಡೆ.

"ನೀರು ಬೆಚ್ಚಗಿದೆಯೇನಮ್ಮ?" ಎಂದು ಕೇಳಿದರು. ಸುಮಾ ತಲೆಯಾಡಿಸಿದರು. ಗಾಯ ಒರೆಸಿ ಪಟ್ಟಿ ಕಟ್ಟಿದರು. ಮುಗಿದ ಮೇಲೆ ಶಿವಲಿಂಗಮ್ಮ ಮೂರ್ತಿಗಳಿಗೆ ಹೇಳಿದರು, "ಕಾಲು ತೊಳೆಸ್ಕೊಳ್ಳೋದು ನಾಚ್ಕೆ ಅಲ್ಲ ಸ್ವಾಮಿ. ನಮ್ಮನೇಲಿ ಅದಕ್ಕೇ ಅಂತ ಈ ಮಣೆ ಇಟ್ಕೊಂಡಿದ್ವಿ."

ತಟ್ಟೆ ತೆಗೆದಾಗ ಅವರು ಹಲಗೆಯ ಮೇಲೆ ಕೈಯಾಡಿಸಿದರು. "ಇಲ್ಲೊಂದು ಬಳೆ ಥರ ಹರಿವಾಣದ ಕಲೆ ಇತ್ತಲ್ಲ?" ಎಂದು ನನ್ನ ಕಡೆ ನೋಡಿದರು. ನಾನೇ ಉಜ್ಜಿ ತೆಗೆದೆ ಎಂದೆ. "ಚೆನ್ನಾಗಿ ತೆಗ್ದಿದೀಯ ತಾಯಿ," ಎಂದರು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ನನ್ನ ಕೆಲಸಕ್ಕೆ ಬಂದ ಹೊಗಳಿಕೆಗಳಲ್ಲಿ ಇವತ್ತಿಗೂ ಚುಚ್ಚುವುದು ಅದೊಂದೇ.

ಸುಮಾ ಕಣ್ಣೊರೆಸಿಕೊಂಡು, ನಿಮ್ಮ ಮನೆಯದು, ತೆಗೆದುಕೊಂಡು ಹೋಗಿ, ನಾವು ಬೇರೆ ಏನಾದರೂ ಹೊಂದಿಸಿಕೊಳ್ಳುತ್ತೇವೆ ಎಂದರು. ಶಿವಲಿಂಗಮ್ಮ ಒಪ್ಪಲಿಲ್ಲ. "ಗೃಹಪ್ರವೇಶದ ದಿನ ಬೆಳಗಿನ ಪಟ್ಟಿ ಆದ್ಮೇಲೆ ಕೊಡಿ, ಸಾಯಂಕಾಲದ ಪಟ್ಟಿ ಹೊತ್ತಿಗೆ ವಾಪಸ್ ಬರ್ತದೆ," ಎಂದು ಹೇಳಿ ಎದ್ದರು.

ಈ ವರದಿ ಕೇಳಿ ಯಜಮಾನರಿಗೆ ಹೊಸ ಚಿಂತೆ ಹತ್ತಿತು. ಹುಣ್ಣಿನ ಕಾಲಿಟ್ಟ ಮಣೆಯ ಮೇಲೆ ಗುರುಗಳು ಪಾದ ಇಡುತ್ತಾರೆಯೇ? ಮಡಿ ಮೈಲಿಗೆ ಎಂದು ಯಾರಾದರೂ ತಗಾದೆ ತೆಗೆದರೆ ಆ ತಾಯಿಯ ಗತಿಯೇನು? ಹೇಳದೇ ಇದ್ದರೆ ಒಳ್ಳೆಯದಲ್ಲವೇ ಎಂದೂ ಅವರಿಗೆ ಅನ್ನಿಸಿತು. ನನಗೂ ಹಾಗೇ ಅನ್ನಿಸಿತ್ತು.

ಆ ದಿನ ನಾನೇ ಮಣೆಯನ್ನು ಮಲ್ಲೇಶ್ವರದಿಂದ ಮತ್ತಿಕೆರೆಗೆ ಒಯ್ದೆ. ಫ್ಲಾಟು ನೆಂಟರಿಂದ ಗಿಜಿಗುಡುತ್ತಿತ್ತು. ಹೊಸ್ತಿಲ ಹೊರಗೆ ನಿಂತು ಕಾಯುತ್ತಿದ್ದ ಶಿವಲಿಂಗಮ್ಮ ಮಣೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಅದನ್ನು ಎದೆಗವಚಿಕೊಂಡೇ ಬಲಗಾಲಿಟ್ಟು ಒಳಗೆ ಹೋದರು. ಮಹೇಶ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. ತಾಯಿ ಮಣೆಯನ್ನು ತೊಳೆದು, ವಿಭೂತಿ ಹಚ್ಚಿ, ಗುರುಗಳ ಮುಂದೆ ಇಟ್ಟರು. ಇಟ್ಟು, ಅಷ್ಟೂ ಜನರ ಎದುರಿಗೆ, ಇದರ ಮೇಲೆ ಬೆಳಿಗ್ಗೆ ಯಾರ ಕಾಲಿತ್ತು, ಸಂಜೆ ಯಾರ ಕಾಲು ಬರುತ್ತದೆ ಎಂದು ಒಂದನ್ನೂ ಬಿಡದೆ ಹೇಳಿದರು. ಯಾರೋ ಹಿಂದಿನಿಂದ ಗೊಣಗಿದರು. ಗುರುಗಳು ಕೇಳಿಸಿಕೊಂಡು, ಮಣೆಯನ್ನೊಮ್ಮೆ ನೋಡಿ, ಹರಿವಾಣ ತರಲು ಹೇಳಿ, ಪಾದ ಇಟ್ಟರು. ಗೊಣಗಿದವರೂ ಆಮೇಲೆ ಸಾಲಿನಲ್ಲಿ ನಿಂತು ತೀರ್ಥ ತೆಗೆದುಕೊಂಡರು.

ಊಟ ಮುಗಿದು ಹೊರಡುವಾಗ ಮಣೆ ಎತ್ತಿಕೊಂಡೆ. ಹರಿವಾಣದಿಂದ ಚೆಲ್ಲಿದ ನೀರು ಹಲಗೆಯ ಮೇಲೆ ಹಾಗೇ ನಿಂತಿತ್ತು, ಎಸಳಿನ ಸಂದಿನಲ್ಲಿ ವಿಭೂತಿ ಕದಡಿತ್ತು. ಇಷ್ಟು ವರ್ಷದ ಅಭ್ಯಾಸ, ಕೈ ತಾನೇ ಸೆರಗಿಗೆ ಹೋಯಿತು. ಶಿವಲಿಂಗಮ್ಮ ನನ್ನ ಕೈ ಹಿಡಿದುಕೊಂಡರು.

"ಒರೆಸ್ಬೇಡಮ್ಮ. ಹಾಗೇ ತಗೊಂಡೋಗು. ಅವರ ಕಾಲೂ ಅದರ ಮೇಲೇ ಇಡ್ಲಿ."

ಒದ್ದೆ ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಕೂತೆ. ಮಲ್ಲೇಶ್ವರ ತಲುಪುವ ಹೊತ್ತಿಗೆ ಸೀರೆ ನೆನೆದು ವಿಭೂತಿಯ ಗುರುತು ಬಿದ್ದಿತ್ತು. ಸುಮಾ ನೀರು ಕಾಯಿಸಿಕೊಂಡು ಕಾಯುತ್ತಿದ್ದರು. ಶಿವಲಿಂಗಮ್ಮ ಹೇಳಿ ಕಳಿಸಿದ್ದನ್ನು ಹೇಳಿದೆ. ಮೂರ್ತಿಗಳು ಒದ್ದೆ ಹಲಗೆಯನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಸೊಸೆಯ ಕಡೆ ಕಾಲು ಚಾಚಿದರು. ಮುಖ ತಿರುಗಿಸಲಿಲ್ಲ.

ಗಾಯ ಮಾಯಲು ಬಹಳ ಕಾಲ ಹಿಡಿಯಿತು, ಆದರೆ ಮಾಯಿತು. ಮಣೆಯನ್ನು ತಿರುಗಿ ಒಯ್ದು ಕೊಟ್ಟಾಗ ಮೂರ್ತಿಗಳೇ ಮತ್ತಿಕೆರೆಯ ಮೆಟ್ಟಿಲು ಹತ್ತಿ ಬಂದಿದ್ದರು. ನಾನು ಈಗಲೂ ಗುರುಗಳು ಬರುವ ದಿನ ಅಲ್ಲಿಗೆ ಹೋಗುತ್ತೇನೆ. ಹೋದ ಸಲ ಹಲಗೆಯ ಮೇಲೆ ಸಣ್ಣದೊಂದು ಕಲೆ ಕಂಡಿತು, ಇನ್ನೂ ಅರ್ಧ ಬಳೆಯಷ್ಟು. ಮಹೇಶ ಪಕ್ಕಕ್ಕೆ ಕರೆದು, ಪಾಲಿಶ್ ಹಾಕಿ ತೆಗೆದುಕೊಡ್ತೀರಾ ಆಂಟಿ ಎಂದು ಮೆಲ್ಲಗೆ ಕೇಳಿದ. ಆಗೋದಿಲ್ಲ ಎಂದೆ.